ವ್ಯವಹಾರದ ಇಂಗ್ಲಿಷ್: ಕ್ರಿಯಾಪದದ ಬೆನ್ನಿಗಿರುವ ಕಿರುಪದ

ಬ್ಯಾಡಗಿಯಿಂದ ಒಣಮೆಣಸಿನಕಾಯಿಯನ್ನು ಹೊರದೇಶಕ್ಕೆ ಕಳುಹಿಸುವ ವರ್ತಕರೊಬ್ಬರಿಗೆ ಖರೀದಿದಾರರಿಂದ ಒಂದೇ ಸಾಲಿನ ಮಿಂಚಂಚೆ ಬಂದಿದೆ ಎಂದಿಟ್ಟುಕೊಳ್ಳಬಹುದು: ‘ವಿ ಹ್ಯಾವ್ ಟು ಪುಟ್ ಆಫ್ ದಿ ಶಿಪ್‌ಮೆಂಟ್.’ ಈ ವಾಕ್ಯದಲ್ಲಿ ಕಠಿಣವಾದ ಪದ ಒಂದೂ ಇಲ್ಲ. ‘ಪುಟ್’ ಎಂದರೆ ಇಡು, ‘ಆಫ್’ ಎಂದರೆ ನಿಲ್ಲಿಸು ಅಥವಾ ಆರಿಸು ಎಂಬುದು ಶಾಲೆಗೆ ಹೋದವರಿಗೆಲ್ಲ ಗೊತ್ತು. ದೀಪ ‘ಆಫ್’ ಆದಂತೆ ರವಾನೆಯೂ ‘ಆಫ್’ ಆಯಿತೆಂದು ಭಾವಿಸಿದ ವರ್ತಕರು ಚೀಲ ತುಂಬಿಸಿಟ್ಟಿದ್ದ ಸರಕನ್ನು ಬೇರೆಯವರಿಗೆ ಮಾರಿಬಿಡುತ್ತಾರೆ. ಮೂರು ವಾರಗಳ ನಂತರ ಖರೀದಿದಾರರು ಸರಕು ಎಲ್ಲಿ ಎಂದು ಕೇಳುತ್ತಾರೆ. ಅವರು ತಿಳಿಸಿದ್ದು ರವಾನೆಯನ್ನು ಮುಂದೂಡಬೇಕಾಗಿದೆ ಎಂದು. ವರ್ತಕರು ಗ್ರಹಿಸಿದ್ದು ರವಾನೆ ರದ್ದಾಯಿತು ಎಂದು. ರದ್ದುಪಡಿಸುವುದಕ್ಕೆ ಇಂಗ್ಲಿಷಿನಲ್ಲಿರುವುದು ‘ಪುಟ್ ಆಫ್’ ಅಲ್ಲ, ‘ಕಾಲ್ ಆಫ್’. ಒಂದು ಕಿರುಪದದ ಗ್ರಹಿಕೆಯಲ್ಲಿ ಆದ ತಪ್ಪಿನಿಂದ ಒಂದು ಬೇಡಿಕೆಯೂ ಅದರೊಡನೆ ಒಬ್ಬ ಗಿರಾಕಿಯ ವಿಶ್ವಾಸವೂ ನಷ್ಟವಾಗುತ್ತವೆ.

ಇಂಗ್ಲಿಷಿನಲ್ಲಿ ಸಾಮಾನ್ಯ ಕ್ರಿಯಾಪದವೊಂದರ ಬೆನ್ನಿಗೆ ‘ಆಫ್’, ‘ಆನ್’, ‘ಅಪ್’, ‘ಡೌನ್’, ‘ಔಟ್’, ‘ಓವರ್’ ಮುಂತಾದ ಕಿರುಪದಗಳು ಸೇರಿ ಹೊಸ ಅರ್ಥ ಕೊಡುವ ಜೋಡಿಗಳನ್ನು ‘ಫ್ರೇಸಲ್ ವರ್ಬ್’ ಎನ್ನುತ್ತಾರೆ. ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಹೆಸರು ಪ್ರಚಾರಕ್ಕೆ ಬಂತು. ಆದರೆ ಇದರ ತೊಡಕು ಬಹಳ ಹಿಂದೆಯೇ ಗುರುತಿಸಲ್ಪಟ್ಟಿತ್ತು. 1755ರಲ್ಲಿ ತಮ್ಮ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲಿ, ಪರಭಾಷಿಕರಿಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಷ್ಟ ಕೊಡುವುದು ಇಂತಹ ಜೋಡಿಗಳೇ ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದರು. ಇದನ್ನು ‘ಜೋಡಿ ಕ್ರಿಯಾಪದ’ ಎಂದು ಕನ್ನಡದಲ್ಲಿ ಹೇಳಬಹುದು.

ಕನ್ನಡಿಗರಿಗೆ ಇದು ಹೊಸತಲ್ಲ

ಜೋಡಿ ಕ್ರಿಯಾಪದಗಳೆಂದರೆ ಅಂಜುವ ಕನ್ನಡಿಗರು ತಮ್ಮ ನುಡಿಯಲ್ಲೇ ಇಂತಹುದನ್ನು ದಿನವೂ ಬಳಸುತ್ತಿರುತ್ತಾರೆ. ‘ಕೈ’ ಎಂಬ ಪದವನ್ನೇ ನೋಡಬಹುದು. ಕೆಲಸವನ್ನು ಕೈಗೊಳ್ಳುತ್ತಾರೆ, ಅರ್ಧಕ್ಕೆ ಕೈಬಿಡುತ್ತಾರೆ, ಪಾಲುದಾರರು ಕೈಕೊಡುತ್ತಾರೆ, ಬಂಧುಗಳು ಕೈಹಿಡಿಯುತ್ತಾರೆ, ಪರಿಸ್ಥಿತಿ ಕೈಮೀರುತ್ತದೆ, ಹಣ ಕೈಸೇರುತ್ತದೆ. ‘ಪಾಲುದಾರರು ಕೈಕೊಟ್ಟರು’ ಎಂಬುದನ್ನು ಪದಶಃ ಓದಿದ ಪರಭಾಷಿಕರು ಅವರು ಸಹಾಯಹಸ್ತ ನೀಡಿದರೆಂದೇ ತಿಳಿಯುವ ಸಂಭವವಿದೆ. ಕನ್ನಡಿಗರು ಮಾತ್ರ ‘ಕೈ’ಯನ್ನೂ ‘ಕೊಡು’ವನ್ನೂ ಬಿಡಿಸಿ ನೋಡದೆ, ಇಡೀ ಪದವನ್ನು ಒಂದೇ ಘಟಕವಾಗಿ ಗ್ರಹಿಸುತ್ತಾರೆ.

ಸಂಸ್ಕೃತದಿಂದ ಬಂದ ಪದಗಳಲ್ಲಿಯೂ ಇದೇ ಕ್ರಮವಿದೆ. ‘ಹಾರ’ ಎಂಬ ಒಂದೇ ರೂಪಕ್ಕೆ ಬೇರೆ ಬೇರೆ ಉಪಸರ್ಗಗಳು ಸೇರಿ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಎಂಬ ಪರಸ್ಪರ ಸಂಬಂಧವೇ ಇಲ್ಲದಂತೆ ತೋರುವ ಪದಗಳಾಗುತ್ತವೆ. ಇಂಗ್ಲಿಷಿನ ಜೋಡಿಗಳಿಗೂ ಇವುಗಳಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ ಸ್ಥಾನ. ಸಂಸ್ಕೃತದ ಉಪಸರ್ಗ ಪದದ ಮುಂದೆ ಅಂಟಿಕೊಂಡು ಬರುತ್ತದೆ. ಇಂಗ್ಲಿಷಿನ ಕಿರುಪದ ಕ್ರಿಯಾಪದದ ಹಿಂದೆ ಬಿಡಿಯಾಗಿ ನಿಲ್ಲುತ್ತದೆ. ಹಾಗೆ ಬಿಡಿಯಾಗಿ ನಿಲ್ಲುವುದರಿಂದಲೇ ಓದುವವರ ಕಣ್ಣು ಅದನ್ನು ಗಣ್ಯಮಾಡದೆ ಮುಂದೆ ಸಾಗುತ್ತದೆ. ಆದುದರಿಂದ ಈ ಪಾಠದ ಮೂಲಸೂತ್ರ ಇಷ್ಟೇ: ಜೋಡಿಯನ್ನು ಒಡೆಯಬಾರದು, ಇಡಿಯಾಗಿ, ಒಂದು ವಾಕ್ಯದೊಡನೆ, ನೆನಪಿನಲ್ಲಿಡಬೇಕು.

ಒಂದು ಸೂಚನೆ: ಒಂದೇ ‘ಎಫ್’ ಅಕ್ಷರವಿರುವ ಪದವನ್ನೂ ಎರಡು ‘ಎಫ್’ ಇರುವ ಪದವನ್ನೂ ಕನ್ನಡದಲ್ಲಿ ‘ಆಫ್’ ಎಂದೇ ಬರೆಯುವ ರೂಢಿಯಿದೆ. ಇವೆರಡೂ ಬೇರೆ ಬೇರೆ ಪದಗಳು. ಗೊಂದಲವಾಗದಿರಲೆಂದು ಈ ಪಾಠದ ಉದಾಹರಣೆಗಳಲ್ಲಿ ಒಂದು ‘ಎಫ್’ ಇರುವುದನ್ನು ‘ಆವ್’ ಎಂದೂ ಎರಡು ‘ಎಫ್’ ಇರುವುದನ್ನು ‘ಆಫ್’ ಎಂದೂ ಬರೆಯಲಾಗಿದೆ. ‘ಬಿಲ್ ಆಫ್ ಲೇಡಿಂಗ್’ನಂತಹ ರೂಢಿಯ ಹೆಸರುಗಳನ್ನು ಮಾತ್ರ ಇದ್ದಂತೆಯೇ ಇರಿಸಲಾಗಿದೆ.

1. ವಿಚಾರಣೆ ಮತ್ತು ಬೇಡಿಕೆ

ಲುಕ್ ಇಂಟು – ಪರಿಶೀಲಿಸು, ವಿಚಾರಿಸಿ ನೋಡು.
‘ವಿ ವಿಲ್ ಲುಕ್ ಇಂಟು ಯುವರ್ ಕಂಪ್ಲೇಂಟ್.’ ತಮ್ಮ ದೂರನ್ನು ಪರಿಶೀಲಿಸುತ್ತೇವೆ.

ಲುಕ್ ಓವರ್ – ಒಮ್ಮೆ ಕಣ್ಣಾಡಿಸು.
‘ಪ್ಲೀಸ್ ಲುಕ್ ಓವರ್ ದಿ ಕೊಟೇಷನ್.’ ದಯವಿಟ್ಟು ದರಪಟ್ಟಿಯ ಮೇಲೆ ಕಣ್ಣಾಡಿಸಿರಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇದೇ ಎರಡು ಪದಗಳು ತಿರುಗುಮುರುಗಾಗಿ ‘ಓವರ್‌ಲುಕ್’ ಎಂದಾದರೆ ಕಣ್ತಪ್ಪಿ ಬಿಟ್ಟುಬಿಡು, ಗಮನಿಸದೆ ಹೋಗು ಎಂದರ್ಥ. ‘ಪ್ಲೀಸ್ ಓವರ್‌ಲುಕ್ ದಿ ಕೊಟೇಷನ್’ ಎಂದು ಬರೆದರೆ ದರಪಟ್ಟಿಯನ್ನು ಗಮನಿಸಬೇಡಿರಿ ಎಂದು ಕೋರಿದಂತಾಗುತ್ತದೆ. ಇದೇ ರೀತಿ ‘ಸೆಟ್ ಅಪ್’ ಎಂದರೆ ಸ್ಥಾಪಿಸು, ‘ಅಪ್‌ಸೆಟ್’ ಎಂದರೆ ಕದಡು ಅಥವಾ ಬೇಸರಗೊಳಿಸು. ‘ಟೇಕ್ ಓವರ್’ ಎಂದರೆ ವಹಿಸಿಕೊಳ್ಳು, ‘ಓವರ್‌ಟೇಕ್’ ಎಂದರೆ ಹಿಂದಿಕ್ಕಿ ಮುಂದೆ ಹೋಗು.

ಗೆಟ್ ಬ್ಯಾಕ್ ಟು – ವಿಚಾರಿಸಿಕೊಂಡು ನಂತರ ಉತ್ತರಿಸು.
‘ವಿ ವಿಲ್ ಗೆಟ್ ಬ್ಯಾಕ್ ಟು ಯೂ ಬೈ ಫ್ರೈಡೇ.’ ಶುಕ್ರವಾರದೊಳಗೆ ತಮಗೆ ಉತ್ತರ ತಿಳಿಸುತ್ತೇವೆ.
ನಮ್ಮ ದೇಶದ ಕಚೇರಿಗಳಲ್ಲಿ ಇದಕ್ಕೆ ‘ರಿವರ್ಟ್’ ಎಂದು ಬರೆಯುವ ವಾಡಿಕೆಯಿದೆ. ಬ್ರಿಟನ್ ಅಥವಾ ಅಮೆರಿಕದ ಓದುಗರಿಗೆ ‘ರಿವರ್ಟ್’ ಎಂದರೆ ಹಿಂದಿದ್ದ ಸ್ಥಿತಿಗೆ ಮರಳು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ.

ಟರ್ನ್ ಡೌನ್ – ನಿರಾಕರಿಸು.
‘ದೇ ಟರ್ನ್ಡ್ ಡೌನ್ ಅವರ್ ಆಫರ್.’ ಅವರು ನಮ್ಮ ಪ್ರಸ್ತಾವವನ್ನು ನಿರಾಕರಿಸಿದರು.

ಟೇಕ್ ಆನ್ – ಹೊಣೆ ಹೊತ್ತುಕೊಳ್ಳು, ಕೆಲಸಕ್ಕೆ ಸೇರಿಸಿಕೊಳ್ಳು.
‘ವಿ ಕೆನಾಟ್ ಟೇಕ್ ಆನ್ ನ್ಯೂ ಆರ್ಡರ್ಸ್ ದಿಸ್ ಮಂತ್.’ ಈ ತಿಂಗಳು ಹೊಸ ಬೇಡಿಕೆಗಳನ್ನು ಒಪ್ಪಿಕೊಳ್ಳಲಾಗದು.

ಬ್ಯಾಕ್ ಔಟ್ – ಒಪ್ಪಿದ ನಂತರ ಹಿಂಜರಿ. ಫಾಲ್ ಥ್ರೂ – ಕೂಡಿಬರದೆ ಹೋಗು, ಮುರಿದುಬೀಳು.
‘ದಿ ಬಯರ್ ಬ್ಯಾಕ್ಡ್ ಔಟ್ ಅಂಡ್ ದಿ ಡೀಲ್ ಫೆಲ್ ಥ್ರೂ.’ ಖರೀದಿದಾರರು ಹಿಂದೆ ಸರಿದರು, ವ್ಯವಹಾರ ಮುರಿದುಬಿತ್ತು.

ಕಾಲ್ ಆಫ್ – ರದ್ದುಪಡಿಸು.
‘ದಿ ಯೂನಿಯನ್ ಹ್ಯಾಸ್ ಕಾಲ್ಡ್ ಆಫ್ ದಿ ಸ್ಟ್ರೈಕ್.’ ಕಾರ್ಮಿಕ ಸಂಘವು ಮುಷ್ಕರವನ್ನು ಹಿಂತೆಗೆದುಕೊಂಡಿದೆ.

ಈ ಕೊನೆಯ ಜೋಡಿಗೆ ಕೈಗಾರಿಕಾ ವಲಯದಲ್ಲಿ ತದ್ವಿರುದ್ಧವೆನ್ನಬಹುದಾದ ಇನ್ನೊಂದು ಅರ್ಥವಿದೆ. ವರ್ಷಕ್ಕೆ ಇಷ್ಟು ಬಿಡಿಭಾಗಗಳನ್ನು ಕೊಳ್ಳುವುದಾಗಿ ಒಟ್ಟು ಒಪ್ಪಂದ ಮಾಡಿಕೊಂಡ ಕಾರ್ಖಾನೆ, ತನಗೆ ಬೇಕಾದಾಗ ಬೇಕಾದಷ್ಟನ್ನು ಕಳುಹಿಸುವಂತೆ ಸೂಚಿಸುವುದನ್ನೂ ‘ಕಾಲ್ ಆಫ್’ ಎನ್ನುತ್ತಾರೆ. ‘ವಿ ವಿಷ್ ಟು ಕಾಲ್ ಆಫ್ 500 ಪೀಸಸ್ ಎಗೇನ್ಸ್ಟ್ ದಿ ಆನ್ಯುಯಲ್ ಕಾಂಟ್ರ್ಯಾಕ್ಟ್’ ಎಂಬ ಪತ್ರ ಪೀಣ್ಯದ ಸಣ್ಣ ಕೈಗಾರಿಕೆಯೊಂದಕ್ಕೆ ಬಂದರೆ ಅದು 500 ಬಿಡಿಭಾಗಗಳನ್ನು ಕಳುಹಿಸಿರಿ ಎಂಬ ಆದೇಶ, ರದ್ದತಿಯಲ್ಲ. ವಾರ್ಷಿಕ ಒಪ್ಪಂದದ ಉಲ್ಲೇಖವೂ ಇಷ್ಟೆಂಬ ಸಂಖ್ಯೆಯೂ ಇದ್ದಲ್ಲಿ ಈ ಎರಡನೆಯ ಅರ್ಥವನ್ನು ಮೊದಲು ಪರಿಗಣಿಸಬೇಕು.

2. ದಿನಾಂಕ ಬದಲಾವಣೆ: ಮುಂದೋ ಹಿಂದೋ?

ಕನ್ನಡಿಗರು ವಿಶೇಷವಾಗಿ ಎಡವುವ ಸ್ಥಳವಿದು. ಕನ್ನಡದಲ್ಲಿ ‘ಸಭೆಯನ್ನು ಮುಂದಕ್ಕೆ ಹಾಕಲಾಗಿದೆ’ ಎಂದರೆ ಸಭೆ ತಡವಾಗಿ ನಡೆಯುತ್ತದೆ. ಮುಂಬರುವ ಕಾಲ ಕನ್ನಡಿಗರ ಮುಂದೆ ಇದೆ. ಮುಂದಕ್ಕೆ ಸರಿಸಿದರೆ ಅದು ಇನ್ನಷ್ಟು ದೂರವಾಗುತ್ತದೆ. ಇಂಗ್ಲಿಷಿನ ‘ಬ್ರಿಂಗ್ ಫಾರ್ವರ್ಡ್’ನಲ್ಲಿ ‘ಫಾರ್ವರ್ಡ್’ ಎಂದರೆ ಮುಂದಕ್ಕೆ ಎಂಬುದನ್ನು ಹಿಡಿದುಕೊಂಡು ಹೊರಟರೆ ಅರ್ಥ ತಲೆಕೆಳಗಾಗುತ್ತದೆ. ಅಲ್ಲಿ ದಿನಾಂಕವನ್ನು ದೂರದಿಂದ ತಮ್ಮತ್ತ ಎಳೆದುಕೊಳ್ಳುವ ಕಲ್ಪನೆಯಿದೆ.

ಬ್ರಿಂಗ್ ಫಾರ್ವರ್ಡ್ – ನಿಗದಿಗಿಂತ ಮೊದಲೇ ನಡೆಸು.
‘ದಿ ಮೀಟಿಂಗ್ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್ ಫ್ರಮ್ ದಿ 20ತ್ ಟು ದಿ 15ತ್.’ ಸಭೆಯನ್ನು 20ರ ಬದಲು 15ರಂದೇ ನಡೆಸಲು ನಿರ್ಧರಿಸಲಾಗಿದೆ.

ಪುಷ್ ಬ್ಯಾಕ್ – ಮುಂದೂಡು.
‘ದಿ ಡೆಲಿವರಿ ಡೇಟ್ ಹ್ಯಾಸ್ ಬೀನ್ ಪುಷ್ಡ್ ಬ್ಯಾಕ್ ಬೈ ಎ ವೀಕ್.’ ಸರಕು ಒಪ್ಪಿಸುವ ದಿನಾಂಕವನ್ನು ಒಂದು ವಾರ ಮುಂದೂಡಲಾಗಿದೆ.

ಪುಟ್ ಆಫ್ – ಮುಂದೂಡು.
‘ವಿ ಪುಟ್ ಆಫ್ ದಿ ಆಡಿಟ್ ಟಿಲ್ ಜೂನ್.’ ಲೆಕ್ಕಪರಿಶೋಧನೆಯನ್ನು ಜೂನ್‌ವರೆಗೆ ಮುಂದೂಡಿದೆವು.

ಕನ್ನಡದ ‘ಮುಂದಕ್ಕೆ’ ಇಂಗ್ಲಿಷಿನಲ್ಲಿ ‘ಬ್ಯಾಕ್’ ಆಗುತ್ತದೆ; ಕನ್ನಡದ ‘ಮೊದಲೇ’ ಇಂಗ್ಲಿಷಿನಲ್ಲಿ ‘ಫಾರ್ವರ್ಡ್’ ಆಗುತ್ತದೆ. ‘ಬ್ರಿಂಗ್ ಫಾರ್ವರ್ಡ್’ ಬದಲು ನಮ್ಮಲ್ಲಿ ಬಳಕೆಯಲ್ಲಿರುವ ‘ಪ್ರಿಪೋನ್’ ದೇಶದೊಳಗಿನ ಪತ್ರಗಳಿಗೆ ಸಾಕು. ಆದರೆ ಹೊರಗಿನ ಹಲವರಿಗೆ ಅದು ಅಪರಿಚಿತ. ಯಾವ ಪದ ಬಳಸಿದರೂ ಹಳೆಯ ಮತ್ತು ಹೊಸ ದಿನಾಂಕಗಳೆರಡನ್ನೂ ನಮೂದಿಸುವುದು ಕ್ಷೇಮ. ಲೆಕ್ಕದ ಪುಸ್ತಕದಲ್ಲಿ ಕಾಣುವ ‘ಬ್ರಾಟ್ ಫಾರ್ವರ್ಡ್’ ಮಾತ್ರ ಬೇರೆಯೇ ಸಂಗತಿ. ಅದು ಹಿಂದಿನ ಪುಟದಿಂದ ತಂದ ಬಾಕಿ; ಅಲ್ಲಿ ದಿನಾಂಕದ ಪ್ರಶ್ನೆಯೇ ಇಲ್ಲ.

3. ತಯಾರಿಕೆ ಮತ್ತು ರವಾನೆ

ರನ್ ಔಟ್ ಆವ್ – ದಾಸ್ತಾನು ಮುಗಿದುಹೋಗು.
‘ವಿ ಹ್ಯಾವ್ ರನ್ ಔಟ್ ಆವ್ ಪ್ಯಾಕಿಂಗ್ ಮೆಟೀರಿಯಲ್.’ ಪ್ಯಾಕಿಂಗ್ ಸಾಮಗ್ರಿ ಮುಗಿದಿದೆ. ಕ್ರಿಕೆಟ್ಟಿನ ‘ರನ್ ಔಟ್’ಗೂ ಇದಕ್ಕೂ ಸಂಬಂಧವಿಲ್ಲ.

ಬ್ರೇಕ್ ಡೌನ್ – ಕೆಟ್ಟು ನಿಲ್ಲು, ಬಿಡಿಬಿಡಿಯಾಗಿ ವಿಂಗಡಿಸು.
‘ದಿ ಲೂಮ್ ಬ್ರೋಕ್ ಡೌನ್ ಎಸ್ಟರ್‌ಡೇ.’ ನಿನ್ನೆ ಮಗ್ಗ ಕೆಟ್ಟು ನಿಂತಿತು.
‘ಪ್ಲೀಸ್ ಬ್ರೇಕ್ ಡೌನ್ ದಿ ಕಾಸ್ಟ್.’ ವೆಚ್ಚವನ್ನು ಬಾಬುವಾರು ವಿಂಗಡಿಸಿ ತಿಳಿಸಿರಿ.

ಕ್ಯಾರಿ ಔಟ್ – ನೆರವೇರಿಸು. ಕ್ಯಾರಿ ಆನ್ – ಮುಂದುವರಿಸು.
‘ದಿ ಲ್ಯಾಬ್ ವಿಲ್ ಕ್ಯಾರಿ ಔಟ್ ದಿ ಟೆಸ್ಟ್, ಪ್ಲೀಸ್ ಕ್ಯಾರಿ ಆನ್ ವಿತ್ ದಿ ಪ್ಯಾಕಿಂಗ್.’ ಪ್ರಯೋಗಾಲಯ ಪರೀಕ್ಷೆಯನ್ನು ನಡೆಸುತ್ತದೆ. ತಾವು ಪ್ಯಾಕಿಂಗ್ ಮುಂದುವರಿಸಿರಿ.

ಪಿಕ್ ಅಪ್ – ಬಂದು ಎತ್ತಿಕೊಂಡು ಹೋಗು, ಚೇತರಿಸಿಕೊಳ್ಳು.
‘ದಿ ಟ್ರಕ್ ವಿಲ್ ಪಿಕ್ ಅಪ್ ದಿ ಗೂಡ್ಸ್ ಅಟ್ ನೈನ್.’ ಒಂಬತ್ತಕ್ಕೆ ಲಾರಿ ಬಂದು ಸರಕನ್ನು ಒಯ್ಯುತ್ತದೆ.
‘ಡಿಮ್ಯಾಂಡ್ ಪಿಕ್ಸ್ ಅಪ್ ಬಿಫೋರ್ ದೀಪಾವಳಿ.’ ದೀಪಾವಳಿಗೆ ಮುನ್ನ ಬೇಡಿಕೆ ಚೇತರಿಸಿಕೊಳ್ಳುತ್ತದೆ.

ಹೋಲ್ಡ್ ಅಪ್ – ತಡೆದು ನಿಲ್ಲಿಸು, ತಡವಾಗಿಸು. ಹೋಲ್ಡ್ ಬ್ಯಾಕ್ – ಕೊಡದೆ ಉಳಿಸಿಕೊಳ್ಳು.
‘ದಿ ಕಂಟೇನರ್ ಈಸ್ ಹೆಲ್ಡ್ ಅಪ್ ಅಟ್ ದಿ ಪೋರ್ಟ್.’ ಕಂಟೇನರ್ ಬಂದರಿನಲ್ಲಿ ತಡೆಯಾಗಿ ನಿಂತಿದೆ.
‘ದಿ ಬಯರ್ ಹೆಲ್ಡ್ ಬ್ಯಾಕ್ ಟೆನ್ ಪರ್ಸೆಂಟ್.’ ಖರೀದಿದಾರರು ಶೇ. 10ರಷ್ಟನ್ನು ಕೊಡದೆ ಉಳಿಸಿಕೊಂಡರು.

ಮೇಕ್ ಔಟ್ – ಇಂಥವರ ಹೆಸರಿಗೆ ಬರೆದುಕೊಡು.
‘ಪ್ಲೀಸ್ ಮೇಕ್ ಔಟ್ ದಿ ಚೆಕ್ ಟು ದಿ ಟ್ರಾನ್ಸ್‌ಪೋರ್ಟರ್.’ ಚೆಕ್ಕನ್ನು ಸಾಗಣೆದಾರರ ಹೆಸರಿಗೆ ಬರೆಯಿರಿ.
ರಫ್ತುದಾರರು ಬ್ಯಾಂಕಿನ ಸಾಖಪತ್ರಗಳಲ್ಲಿ ‘ಬಿಲ್ ಆಫ್ ಲೇಡಿಂಗ್ ಮೇಡ್ ಔಟ್ ಟು ಆರ್ಡರ್’ ಎಂಬ ಷರತ್ತನ್ನು ಮೇಲಿಂದ ಮೇಲೆ ಕಾಣುತ್ತಾರೆ. ‘ಮೇಡ್ ಔಟ್’ ಎಂಬುದನ್ನು ಸಿದ್ಧಪಡಿಸಿದ ಎಂದಷ್ಟೇ ತಿಳಿದು, ದಾಖಲೆಯನ್ನು ನೇರವಾಗಿ ಖರೀದಿದಾರರ ಹೆಸರಿಗೆ ಮಾಡಿಸಿಬಿಟ್ಟರೆ ಷರತ್ತು ಉಲ್ಲಂಘನೆಯಾಗುತ್ತದೆ. ‘ಟು ಆರ್ಡರ್’ ಎಂದು ಬರೆದ ದಾಖಲೆಯನ್ನು ಹಿಂಬರಹದ ಮೂಲಕ ಇನ್ನೊಬ್ಬರಿಗೆ ವರ್ಗಾಯಿಸಬಹುದು. ಕೇವಲ ಒಬ್ಬರ ಹೆಸರಿಗೆ ಬರೆದುದಕ್ಕೆ ಆ ಸೌಲಭ್ಯವಿಲ್ಲ.

4. ಹಣಕಾಸು ಮತ್ತು ಲೆಕ್ಕಪತ್ರ

ಪೇ ಆಫ್ – ಸಾಲವನ್ನು ಪೂರ್ತಿ ತೀರಿಸು. ಪೇ ಬ್ಯಾಕ್ – ಪಡೆದುದನ್ನು ಹಿಂದಿರುಗಿಸು.
‘ವಿ ಪೇಯ್ಡ್ ಆಫ್ ದಿ ಮಷೀನರಿ ಲೋನ್ ಲಾಸ್ಟ್ ಇಯರ್.’ ಯಂತ್ರೋಪಕರಣದ ಸಾಲವನ್ನು ಕಳೆದ ವರ್ಷ ಪೂರ್ತಿ ತೀರಿಸಿದೆವು.

ಮಾರ್ಕ್ ಅಪ್ – ಕೊಂಡ ಬೆಲೆಯ ಮೇಲೆ ಏರಿಸಿ ಬೆಲೆ ನಿಗದಿಮಾಡು. ಮಾರ್ಕ್ ಡೌನ್ – ಬೆಲೆ ಇಳಿಸು.
‘ವಿ ಮಾರ್ಕ್ ಅಪ್ ದಿ ಸಾರೀಸ್ ಬೈ 25 ಪರ್ಸೆಂಟ್.’ ಸೀರೆಗಳ ಮೇಲೆ ಶೇ. 25ರಷ್ಟು ಏರಿಸಿ ಮಾರುತ್ತೇವೆ. 100 ರೂಪಾಯಿಯ ಸರಕು ಆಗ 125 ರೂಪಾಯಿಗೆ ಮಾರಾಟವಾಗುತ್ತದೆ. ಇದನ್ನೇ ಮಾರಾಟ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಲಾಭಾಂಶ ಶೇ. 20 ಮಾತ್ರ. ಪತ್ರದಲ್ಲಿ ‘ಮಾರ್ಕ್ ಅಪ್’ ಎಂದಿದೆಯೋ ‘ಮಾರ್ಜಿನ್’ ಎಂದಿದೆಯೋ ನೋಡಿಕೊಳ್ಳಬೇಕು.

ಸೆಟ್ ಆಫ್ – ಒಂದರಲ್ಲಿ ಬಂದುದನ್ನು ಇನ್ನೊಂದಕ್ಕೆ ವಜಾ ಹಾಕು. ಕ್ಯಾರಿ ಫಾರ್ವರ್ಡ್ – ಮುಂದಿನ ವರ್ಷಕ್ಕೆ ಒಯ್ಯು.
‘ದಿ ಲಾಸ್ ವಾಸ್ ಸೆಟ್ ಆಫ್ ಎಗೇನ್ಸ್ಟ್ ದಿಸ್ ಇಯರ್ಸ್ ಪ್ರಾಫಿಟ್ ಅಂಡ್ ದಿ ಬ್ಯಾಲೆನ್ಸ್ ವಾಸ್ ಕ್ಯಾರಿಡ್ ಫಾರ್ವರ್ಡ್.’ ನಷ್ಟವನ್ನು ಈ ವರ್ಷದ ಲಾಭಕ್ಕೆ ವಜಾ ಹಾಕಿ, ಉಳಿದುದನ್ನು ಮುಂದಿನ ವರ್ಷಕ್ಕೆ ಒಯ್ಯಲಾಯಿತು.

ರೈಟ್ ಆಫ್ – ಲೆಕ್ಕದ ಪುಸ್ತಕದಿಂದ ತೆಗೆದುಹಾಕು.
‘ದಿ ಬ್ಯಾಂಕ್ ರೋಟ್ ಆಫ್ ದಿ ಲೋನ್.’ ಬ್ಯಾಂಕು ಸಾಲವನ್ನು ತನ್ನ ಆಸ್ತಿಪಟ್ಟಿಯಿಂದ ತೆಗೆದುಹಾಕಿತು.
ಈ ವಾಕ್ಯವನ್ನು ‘ಬ್ಯಾಂಕು ಸಾಲವನ್ನು ಮನ್ನಾ ಮಾಡಿತು’ ಎಂದು ಅನುವಾದಿಸುವುದು ಸಾಮಾನ್ಯ ದೋಷ. ಮನ್ನಾ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ವೇವ್’ ಎಂಬ ಬೇರೆ ಕ್ರಿಯಾಪದವಿದೆ. ವಸೂಲಾಗುವ ಭರವಸೆ ಕಡಿಮೆಯಾದ ಸಾಲವನ್ನು ಲೆಕ್ಕಪತ್ರದ ಶಿಸ್ತಿಗಾಗಿ ಪುಸ್ತಕದಿಂದ ತೆಗೆದರೂ ಸಾಲಗಾರರ ಹೊಣೆ ಹಾಗೆಯೇ ಉಳಿಯುತ್ತದೆ. ವಸೂಲಾತಿ ಕ್ರಮವೂ ಮುಂದುವರಿಯುತ್ತದೆ. ಇದನ್ನರಿಯದೆ ತಮ್ಮ ಸಾಲ ತೀರಿತೆಂದು ಭಾವಿಸಿ ನೋಟೀಸುಗಳಿಗೆ ಉತ್ತರಿಸದೆ ಕುಳಿತರೆ ಸಂಕಷ್ಟಕ್ಕೆ ಒಳಗಾಗಬೇಕಾದೀತು.

ವೈಂಡ್ ಅಪ್ – ಮುಗಿಸು; ಕಂಪನಿಯನ್ನು ಸಮಾಪನಗೊಳಿಸು.
‘ಲೆಟ್ ಅಸ್ ವೈಂಡ್ ಅಪ್ ದಿ ಮೀಟಿಂಗ್’ ಎಂದರೆ ಸಭೆಯನ್ನು ಮುಗಿಸೋಣ. ‘ದಿ ಕಂಪನಿ ವಾಸ್ ವೌಂಡ್ ಅಪ್’ ಎಂದರೆ ಕಂಪನಿಯ ಆಸ್ತಿಯನ್ನು ವಿಲೇವಾರಿ ಮಾಡಿ, ಸಾಲಗಳನ್ನು ತೀರಿಸಿ, ಕಾನೂನುಬದ್ಧವಾಗಿ ಮುಚ್ಚಲಾಯಿತು. ಒಂದು ಸಂಜೆಯ ಮಾತು, ಇನ್ನೊಂದು ಸಂಸ್ಥೆಯ ಅಂತ್ಯ.

5. ಸಿಬ್ಬಂದಿ

ಲೇ ಆಫ್ – ಕೆಲಸವಿಲ್ಲದ ಕಾರಣ ಕಾರ್ಮಿಕರನ್ನು ಕೆಲಸದಿಂದ ದೂರವಿಡು.
ಭಾರತದ ಕಾನೂನಿನಲ್ಲಿ ಈ ಪದಕ್ಕೆ ನಿರ್ದಿಷ್ಟ ಅರ್ಥವಿದೆ. ವಿದ್ಯುತ್ತು, ಕಲ್ಲಿದ್ದಲು ಅಥವಾ ಕಚ್ಚಾ ಸಾಮಗ್ರಿಯ ಅಭಾವ, ದಾಸ್ತಾನಿನ ಶೇಖರಣೆ, ಯಂತ್ರದ ಕೆಡುಕು ಮುಂತಾದ ಕಾರಣಗಳಿಂದ ಹಾಜರಿಪಟ್ಟಿಯಲ್ಲಿರುವ ಕಾರ್ಮಿಕರಿಗೆ ಕೆಲಸ ಕೊಡಲಾಗದ ಸ್ಥಿತಿಯನ್ನು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ‘ಲೇ ಆಫ್’ ಎಂದು ಕರೆಯಿತು. ಕಾರ್ಮಿಕರ ಸೇವೆಯನ್ನೇ ಕೊನೆಗೊಳಿಸುವುದಕ್ಕೆ ‘ರಿಟ್ರೆಂಚ್‌ಮೆಂಟ್’ ಎಂಬ ಬೇರೆ ಪದವನ್ನು ಇರಿಸಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಭೇದವನ್ನು ಉಳಿಸಿಕೊಂಡಿದೆ. ಅಮೆರಿಕದ ಕಂಪನಿಗಳ ಸುದ್ದಿಯಲ್ಲಿ ಬರುವ ‘ಲೇ ಆಫ್’ ಮಾತ್ರ ಬಹುಮಟ್ಟಿಗೆ ಉದ್ಯೋಗವನ್ನೇ ಕಳೆದುಕೊಳ್ಳುವುದನ್ನು ಸೂಚಿಸುತ್ತದೆ. ಕಾರ್ಖಾನೆಯ ಸೂಚನಾಫಲಕದಲ್ಲಿ ಬರೆಯುವಾಗ ಯಾವ ಅರ್ಥದಲ್ಲಿ ಬಳಸಲಾಗಿದೆ ಎಂಬುದು ಕಾರ್ಮಿಕರಿಗೆ ಸ್ಪಷ್ಟವಾಗಬೇಕು. ಏಕೆಂದರೆ ಒಂದು ಅರ್ಥದಲ್ಲಿ ಕೆಲಸ ಉಳಿದಿದೆ, ಇನ್ನೊಂದರಲ್ಲಿ ಹೋಗಿದೆ.

ಸ್ಟ್ಯಾಂಡ್ ಇನ್ ಫಾರ್ – ಇನ್ನೊಬ್ಬರ ಬದಲಿಗೆ ತಾತ್ಕಾಲಿಕವಾಗಿ ಕಾರ್ಯನಿರ್ವಹಿಸು.
‘ದಿ ಅಕೌಂಟೆಂಟ್ ವಿಲ್ ಸ್ಟ್ಯಾಂಡ್ ಇನ್ ಫಾರ್ ದಿ ಮ್ಯಾನೇಜರ್ ದಿಸ್ ವೀಕ್.’ ಈ ವಾರ ವ್ಯವಸ್ಥಾಪಕರ ಬದಲು ಲೆಕ್ಕಿಗರು ಕೆಲಸ ನೋಡಿಕೊಳ್ಳುತ್ತಾರೆ.

6. ‘ಇಟ್’ ಎಲ್ಲಿ ನಿಲ್ಲಬೇಕು?

ಜೋಡಿಗಳಲ್ಲಿ ಎರಡು ಬಗೆ. ಕೆಲವನ್ನು ಬಿಡಿಸಿ ನಡುವೆ ಕರ್ಮಪದವನ್ನು ಇರಿಸಬಹುದು. ‘ಕಾಲ್ ಆಫ್ ದಿ ಮೀಟಿಂಗ್’ ಎಂದರೂ ಸರಿ, ‘ಕಾಲ್ ದಿ ಮೀಟಿಂಗ್ ಆಫ್’ ಎಂದರೂ ಸರಿ. ಆದರೆ ನಾಮಪದದ ಬದಲು ‘ಇಟ್’, ‘ದೆಮ್’ ಮುಂತಾದ ಸರ್ವನಾಮ ಬಂದರೆ ಅದು ಕಡ್ಡಾಯವಾಗಿ ನಡುವೆಯೇ ನಿಲ್ಲಬೇಕು. ‘ಕಾಲ್ ಇಟ್ ಆಫ್’ ಸರಿ. ‘ಕಾಲ್ ಆಫ್ ಇಟ್’ ತಪ್ಪು. ‘ಪುಟ್ ಇಟ್ ಆಫ್’, ‘ಟರ್ನ್ ದೆಮ್ ಡೌನ್’, ‘ಪೇ ಇಟ್ ಆಫ್’, ‘ಕ್ಯಾರಿ ಇಟ್ ಔಟ್’ – ಇವೆಲ್ಲ ಇದೇ ಗುಂಪು.

ಇನ್ನು ಕೆಲವನ್ನು ಬಿಡಿಸುವಂತಿಲ್ಲ. ‘ಲುಕ್ ಇಂಟು ಇಟ್’ ಸರಿ. ‘ಲುಕ್ ಇಟ್ ಇಂಟು’ ತಪ್ಪು. ‘ಲುಕ್ ಆಫ್ಟರ್’, ‘ಗೆಟ್ ಬ್ಯಾಕ್ ಟು’, ‘ರನ್ ಔಟ್ ಆವ್’, ‘ಸ್ಟ್ಯಾಂಡ್ ಇನ್ ಫಾರ್’ ಈ ಗುಂಪಿಗೆ ಸೇರುತ್ತವೆ. ಮೂರು ಪದಗಳ ಜೋಡಿಗಳು ಹೆಚ್ಚಾಗಿ ಬಿಡಿಸಲಾಗದವು. ಹೊಸ ಜೋಡಿಯನ್ನು ಬರೆದುಕೊಳ್ಳುವಾಗಲೇ ‘ಇಟ್’ ಸೇರಿಸಿ ಬರೆದುಕೊಂಡರೆ ಅದು ಯಾವ ಗುಂಪಿನದೆಂದು ಬೇರೆಯಾಗಿ ಕಂಠಪಾಠ ಮಾಡಬೇಕಾಗಿಲ್ಲ.

7. ಬೇಡದ ಕಡೆ ಬರುವ ಕಿರುಪದ

ಕಿರುಪದವನ್ನು ಮರೆಯುವುದು ಎಷ್ಟು ತಪ್ಪೋ, ಬೇಡದಲ್ಲಿ ಸೇರಿಸುವುದೂ ಅಷ್ಟೇ ತಪ್ಪು. ಇದಕ್ಕೆ ಬಹುತೇಕ ಕಾರಣ ಕನ್ನಡದ ವಾಕ್ಯರಚನೆಯೇ. ಕನ್ನಡದಲ್ಲಿ ‘ಬೆಲೆಯ ಬಗ್ಗೆ ಚರ್ಚಿಸಿದೆವು’ ಎನ್ನುವುದರಿಂದ ಇಂಗ್ಲಿಷಿನಲ್ಲಿಯೂ ‘ವಿ ಡಿಸ್ಕಸ್ಡ್ ಅಬೌಟ್ ದಿ ಪ್ರೈಸ್’ ಎಂದು ಬರೆಯಲಾಗುತ್ತದೆ. ‘ಡಿಸ್ಕಸ್’ ಎಂಬುದರೊಳಗೆ ‘ಬಗ್ಗೆ’ ಅಡಗಿದೆ. ‘ವಿ ಡಿಸ್ಕಸ್ಡ್ ದಿ ಪ್ರೈಸ್’ ಎಂದರೆ ಸಾಕು. ‘ಹಿಂದಕ್ಕೆ ಕಳುಹಿಸು’ ಎಂಬುದರ ಪ್ರಭಾವದಿಂದ ‘ರಿಟರ್ನ್ ಬ್ಯಾಕ್’ ಎನ್ನುತ್ತಾರೆ. ‘ರಿಟರ್ನ್’ ಒಂದೇ ಸಾಕು. ‘ಕೋಪ್ ಅಪ್ ವಿತ್’ ಎಂಬುದಿಲ್ಲ. ‘ಕೋಪ್ ವಿತ್’ ಎಂದರೆ ನಿಭಾಯಿಸು.

ಪತ್ರದ ಕೊನೆಯ ಸಾಲಿನ ತಪ್ಪೂ ಗಮನಾರ್ಹ. ‘ವಿ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯೂ’ ಎಂಬುದು ದೋಷಯುಕ್ತ. ಈ ‘ಟು’ ಜೋಡಿಯ ಭಾಗವಾದುದರಿಂದ ಅದರ ನಂತರ ‘ಹಿಯರಿಂಗ್’ ಬರಬೇಕು: ‘ವಿ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ.’ ತಮ್ಮ ಉತ್ತರವನ್ನು ನಿರೀಕ್ಷಿಸುತ್ತಿದ್ದೇವೆ.

8. ಎಲ್ಲಿ ಬಳಸಬೇಕು, ಎಲ್ಲಿ ಬಾರದು?

ಜೋಡಿ ಕ್ರಿಯಾಪದಗಳು ಮಾತುಕತೆ, ದೂರವಾಣಿ ಮತ್ತು ಮಿಂಚಂಚೆಗಳಿಗೆ ಸಹಜವಾದುವು. ಕರಾರುಪತ್ರ, ಕಾನೂನು ನೋಟೀಸು ಮತ್ತು ಬ್ಯಾಂಕಿನ ಅರ್ಜಿಗಳಲ್ಲಿ ಒಂದೇ ಪದದ ಕ್ರಿಯಾಪದ ಹೆಚ್ಚು ಖಚಿತ. ಅಲ್ಲಿ ‘ಪುಟ್ ಆಫ್’ ಬದಲು ‘ಪೋಸ್ಟ್‌ಪೋನ್’, ‘ಕಾಲ್ ಆಫ್’ ಬದಲು ‘ಕ್ಯಾನ್ಸಲ್’, ‘ಟರ್ನ್ ಡೌನ್’ ಬದಲು ‘ರಿಜೆಕ್ಟ್’, ‘ಕ್ಯಾರಿ ಔಟ್’ ಬದಲು ‘ಎಕ್ಸಿಕ್ಯೂಟ್’, ‘ಲುಕ್ ಇಂಟು’ ಬದಲು ‘ಎಕ್ಸಾಮಿನ್’ ಎಂದು ಬರೆಯುವುದು ಲೇಸು. ಆದರೆ ‘ಸೆಟ್ ಆಫ್’, ‘ರೈಟ್ ಆಫ್’, ‘ವೈಂಡ್ ಅಪ್’, ‘ಲೇ ಆಫ್’ ಇವು ಜೋಡಿಗಳಾಗಿದ್ದರೂ ಕಾನೂನು ಮತ್ತು ಲೆಕ್ಕಶಾಸ್ತ್ರದ ಪಾರಿಭಾಷಿಕ ಪದಗಳೇ ಆಗಿರುವುದರಿಂದ ಅವನ್ನು ಬದಲಿಸಬಾರದು.

ಅರ್ಥದಲ್ಲಿ ಸಂದೇಹ ಬಂದಾಗ ಊಹಿಸುವುದಕ್ಕಿಂತ ಕೇಳುವುದು ಮೇಲು. ‘ಡು ಯೂ ಮೀನ್ ದಟ್ ದಿ ಶಿಪ್‌ಮೆಂಟ್ ಈಸ್ ಪೋಸ್ಟ್‌ಪೋನ್ಡ್, ನಾಟ್ ಕ್ಯಾನ್ಸಲ್ಡ್? ಪ್ಲೀಸ್ ಕನ್‌ಫರ್ಮ್ ದಿ ನ್ಯೂ ಡೇಟ್.’ ರವಾನೆ ಮುಂದೂಡಲ್ಪಟ್ಟಿದೆ, ರದ್ದಾಗಿಲ್ಲ ಎಂದು ತಿಳಿಯಬಹುದೇ? ಹೊಸ ದಿನಾಂಕವನ್ನು ಖಚಿತಪಡಿಸಿರಿ. ಹೀಗೆ ಕೇಳಿದವರನ್ನು ಯಾವ ಖರೀದಿದಾರರೂ ಅಲ್ಪಜ್ಞರೆಂದು ಭಾವಿಸುವುದಿಲ್ಲ. ಜಾಗರೂಕ ವರ್ತಕರೆಂದೇ ಗೌರವಿಸುತ್ತಾರೆ.

ಕಲಿಕೆಯ ಕ್ರಮ

ನಿಘಂಟಿನಿಂದ ನೂರು ಜೋಡಿಗಳನ್ನು ಒಮ್ಮೆಲೇ ಕಂಠಪಾಠ ಮಾಡುವುದರಿಂದ ಪ್ರಯೋಜನ ಅಲ್ಪ. ತಮ್ಮ ಅಂಗಡಿ ಅಥವಾ ಕಚೇರಿಗೆ ಬಂದ ಪತ್ರಗಳೇ ಉತ್ತಮ ಪಠ್ಯ. ವಾರಕ್ಕೆ ಐದು ಜೋಡಿಗಳನ್ನು ಗುರುತಿಸಿ, ಒಂದು ಪುಸ್ತಕದಲ್ಲಿ ಮೂರು ಅಂಕಣಗಳನ್ನು ಹಾಕಿ, ಮೊದಲನೆಯದರಲ್ಲಿ ಪತ್ರದ ಇಡೀ ವಾಕ್ಯವನ್ನು, ಎರಡನೆಯದರಲ್ಲಿ ಕನ್ನಡದ ಅರ್ಥವನ್ನು, ಮೂರನೆಯದರಲ್ಲಿ ತಮ್ಮದೇ ವ್ಯಾಪಾರಕ್ಕೆ ಹೊಂದುವ ಸ್ವಂತ ವಾಕ್ಯವನ್ನು ಬರೆಯಬೇಕು. ಮೂರನೆಯ ಅಂಕಣವೇ ಅತಿ ಮುಖ್ಯ. ಸ್ವಂತ ಸರಕಿನ ಹೆಸರು ಸೇರಿದ ವಾಕ್ಯ ಮರೆಯುವುದಿಲ್ಲ.

ಅಭ್ಯಾಸ

ಬಿಟ್ಟ ಸ್ಥಳಗಳನ್ನು ತುಂಬಿರಿ:
1. ದಿ ಮಿಲ್ ಹ್ಯಾಸ್ ರನ್ ______ ಕಾಟನ್. (ಗಿರಣಿಯಲ್ಲಿ ಹತ್ತಿ ಮುಗಿದಿದೆ.)
2. ದಿ ಬ್ಯಾಂಕ್ ಟರ್ನ್ಡ್ ______ ಅವರ್ ಅಪ್ಲಿಕೇಷನ್. (ಬ್ಯಾಂಕು ನಮ್ಮ ಅರ್ಜಿಯನ್ನು ನಿರಾಕರಿಸಿತು.)
3. ದಿ ಆಡಿಟರ್ ವಿಲ್ ಲುಕ್ ______ ದಿ ಡಿಫರೆನ್ಸ್. (ಲೆಕ್ಕಪರಿಶೋಧಕರು ವ್ಯತ್ಯಾಸವನ್ನು ಪರಿಶೀಲಿಸುತ್ತಾರೆ.)
4. ದಿ ಲಾರಿ ವಾಸ್ ಹೆಲ್ಡ್ ______ ಆನ್ ದಿ ಘಾಟ್ ರೋಡ್. (ಘಾಟಿ ರಸ್ತೆಯಲ್ಲಿ ಲಾರಿ ತಡೆಯಾಗಿ ನಿಂತಿತು.)
5. ದಿ ಆಕ್ಷನ್ ವಾಸ್ ಬ್ರಾಟ್ ______ ಟು ಮಂಡೇ. (ಹರಾಜನ್ನು ನಿಗದಿಗಿಂತ ಮೊದಲೇ, ಸೋಮವಾರಕ್ಕೆ ಇರಿಸಲಾಯಿತು.)

ತಿದ್ದಿ ಬರೆಯಿರಿ:
6. ದಿ ಆರ್ಡರ್ ಈಸ್ ಸ್ಮಾಲ್, ಬಟ್ ವಿ ಕೆನಾಟ್ ಟರ್ನ್ ಡೌನ್ ಇಟ್.
7. ವಿ ಡಿಸ್ಕಸ್ಡ್ ಅಬೌಟ್ ದಿ ಫ್ರೈಟ್.
8. ವಿ ಲುಕ್ ಫಾರ್ವರ್ಡ್ ಟು ರಿಸೀವ್ ಯುವರ್ ಆರ್ಡರ್.

ಉತ್ತರಗಳು: 1. ಔಟ್ ಆವ್. 2. ಡೌನ್. 3. ಇಂಟು. 4. ಅಪ್. 5. ಫಾರ್ವರ್ಡ್. 6. ಟರ್ನ್ ಇಟ್ ಡೌನ್. 7. ‘ಅಬೌಟ್’ ಬೇಡ. 8. ‘ರಿಸೀವ್’ ಬದಲು ‘ರಿಸೀವಿಂಗ್’.

ತೂಕ ಮಾಡುವಾಗ ತಕ್ಕಡಿಯ ಮುಳ್ಳನ್ನು ಗಮನಿಸದ ವರ್ತಕರಿಲ್ಲ. ಇಂಗ್ಲಿಷ್ ಪತ್ರವನ್ನು ಓದುವಾಗ ಕ್ರಿಯಾಪದದ ಬೆನ್ನಿಗಿರುವ ಕಿರುಪದದ ಮೇಲೂ ಅದೇ ದೃಷ್ಟಿ ಇರಬೇಕು. ಸಹಿ ಹಾಕುವ ಮುನ್ನ, ಸರಕನ್ನು ಬಿಡುವ ಮುನ್ನ ಒಮ್ಮೆ ಹಿಂದಿರುಗಿ ನೋಡುವ ಅರ್ಧ ನಿಮಿಷ ಎಂದಿಗೂ ನಷ್ಟದ ಬಾಬಲ್ಲ.